ಕೌದಿಯ ತಳಬಟ್ಟೆ

ಕೌದಿ ಹೊಲಿಯುವಾಗ ತುಂಡುಬಟ್ಟೆಗಳಿಗೆ ಆಧಾರವಾಗಿ ಕೆಳಗೆ ಹಾಸುವ ಅಖಂಡ ಬಟ್ಟೆಯೇ ತಳಬಟ್ಟೆ. ಸಾಮಾನ್ಯವಾಗಿ ಇದು ಹಳೆಯ ಹತ್ತಿ ಸೀರೆಯಾಗಿರುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಮೊದಲಾದ ತಾಲೂಕುಗಳ ಸಿದ್ದಿ ಮಹಿಳೆಯರು ತಮ್ಮ ಕೌದಿಯನ್ನು ‘ಕವಂದಿ’ ಎನ್ನುತ್ತಾರೆ. ಅವರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಕೊಳ್ಳುವುದಿಲ್ಲ. ಸೀರೆಯ ಮೂಲೆಯಿಂದ ಆರಂಭಿಸಿ, ಪ್ರತಿ ತುಂಡಿನ ಅಂಚು ಮಡಚಿ ನೇರವಾಗಿ ಅದರ ಮೇಲೆಯೇ ಹೊಲಿಯುತ್ತ, ಸುತ್ತುಸುತ್ತಾಗಿ ನಡುವಿನತ್ತ ಸಾಗುತ್ತಾರೆ. ಕೈಹೊಲಿಗೆಯ ಸಾಲುಗಳು ಎಲ್ಲ ಪದರಗಳನ್ನೂ ಹಿಡಿದಿಡುವುದರಿಂದ, ಓರೆಯಾಗಿ ಕತ್ತರಿಸಿದ, ಎಳೆದರೆ ಜಗ್ಗುವ ಚೂರು ಕೂಡ ಆಕಾರ ಕೆಡದೆ ನಿಲ್ಲುತ್ತದೆ. ಆದರೆ ತಳಬಟ್ಟೆಯೇ ಜೀರ್ಣವಾಗಿದ್ದರೆ ಮೇಲಿನ ಹೊಲಿಗೆ ಎಷ್ಟು ಅಚ್ಚುಕಟ್ಟಾಗಿದ್ದರೂ ಒಗೆತಕ್ಕೆ ಬಾಳದು. ಸೀರೆಯನ್ನು ಬೆಳಕಿಗೆ ಹಿಡಿದು, ಸವೆದ ಭಾಗವನ್ನು ಬಿಡುವುದೇ ಸರಿ.

ನಾಲ್ಕು ಮೂಲೆಗಳಿಗೂ ‘ಫುಲ’ ಎಂಬ ಮಡಚಿದ ತ್ರಿಕೋನ ತುಂಡುಗಳನ್ನು ಹೊಲಿದ ಮೇಲೆಯೇ ಕವಂದಿ ಪೂರ್ಣಗೊಂಡಂತೆ.