ಗವಾನನ ಮೊಹರು, ಭಾಲ್ಕಿಯ ಬೋರ್ಡು, ಔರಾದಿನ ತುಪ್ಪ

ಹೋದ ತಿಂಗಳು ಭಾಲ್ಕಿ ಬಸ್‌ ಸ್ಟ್ಯಾಂಡಿನಲ್ಲಿ ಔರಾದ ಕಡೆಯ ಮೂವರು ಹುಡುಗರು ಸಿಕ್ಕರು. ದೇವಣಿ ಹಸುವಿನ ತುಪ್ಪ ಮಾರುವ ಸಣ್ಣ ಕಂಪನಿ ಶುರು ಮಾಡಿದ್ದಾರೆ. ಒಬ್ಬನ ತಾಯಿ ಎಮ್ಮೆ ಮಾರಿ ರೊಕ್ಕ ಕೊಟ್ಟಿದ್ದಾಳೆ. "ಅಣ್ಣಾ, ನೀವು ಪೇಪರ್‌ನಾಗ ಬರೀತೀರಿ. ಇನ್‌ಸ್ಟಾಗ್ರಾಮಿಗೆ ತಿಂಗಳಿಗಾಗೋವಷ್ಟು ಮೂವತ್ತು ಪೋಸ್ಟ್ ಬರ್ದು ಕೊಡ್ರಿ" ಅಂದರು. ಚಹಾ ಕುಡಿದು, ನೋಡೋಣು ಅಂದೆ. ಅವತ್ತಿನಿಂದ ಒಂದೇ ವಿಚಾರ ತಲೆಯಲ್ಲಿ ಕೂತಿದೆ. ಹೊಸದಾಗಿ ಏನಾದರೂ ಶುರು ಮಾಡಿ ಅದನ್ನು ನಾಲ್ಕು ಮಂದಿಗೆ ತಿಳಿಸುವ ಕಷ್ಟ ನಮ್ಮ ಜಿಲ್ಲೆಗೆ ಹೊಸದೇ? ಫೋನ್ ಇಲ್ಲದಾಗ ಅದನ್ನು ಹೇಗೆ ಮಾಡಿದರು?

ಮೊದಲು ನೆನಪಾದವನು ಮಹಮೂದ್ ಗವಾನ್. ಪರ್ಷಿಯಾದ ಗಿಲಾನ್ ಸೀಮೆಯಿಂದ 1453ರ ಸುಮಾರಿಗೆ ವ್ಯಾಪಾರಕ್ಕೆಂದು ಬೀದರಿಗೆ ಬಂದವನು. ಬಹಮನಿ ದರ್ಬಾರಿನಲ್ಲಿ ಮೇಲೇರಿ 'ಮಲಿಕುತ್ತುಜ್ಜಾರ್', ಅಂದರೆ ವರ್ತಕರ ಒಡೆಯ ಎಂಬ ಬಿರುದು ಪಡೆದ, ಕಡೆಗೆ ಪ್ರಧಾನಿಯೇ ಆದ. 1472ರಲ್ಲಿ ಅವನು ಕಟ್ಟಿ ಮುಗಿಸಿದ ಮದರಸಾ ಈಗಲೂ ಹಳೇ ಬೀದರಿನ ನಡುವೆ ನಿಂತಿದೆ. ಮೂರು ಅಂತಸ್ತು, ಮೂರು ಸಾವಿರ ಪುಸ್ತಕ, ವಿದ್ಯಾರ್ಥಿಗಳಿಗೆ ಊಟ ವಸತಿ. ಆದರೆ ಕಟ್ಟಡ ಕಟ್ಟಿದರೆ ಆಯಿತೇ? ದಖನ್ನಿನ ಈ ಊರಿಗೆ ದೊಡ್ಡ ವಿದ್ವಾಂಸರು ಯಾಕೆ ಬರಬೇಕು?

ಗವಾನ್ ಪತ್ರ ಬರೆದ. ಅವನ ಪತ್ರಗಳು 'ರಿಯಾಜ್-ಉಲ್-ಇನ್ಶಾ' ಎಂಬ ಸಂಗ್ರಹವಾಗಿ ಉಳಿದಿವೆ. ಸುಲ್ತಾನರಿಗೆ, ಮಂತ್ರಿಗಳಿಗೆ, ಪಂಡಿತರಿಗೆ, ಸ್ವಂತ ಮಕ್ಕಳಿಗೆ ಬರೆದವು. ಯಾರಿಗೆ ಯಾವ ಧಾಟಿಯಲ್ಲಿ ಬರೆಯಬೇಕು ಎಂಬುದು ಅವನಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ಪತ್ರ ಬರೆಯುವ ಕಲೆಯ ಬಗ್ಗೆಯೇ 'ಮನಾಜಿರ್-ಉಲ್-ಇನ್ಶಾ' ಎಂಬ ಬೇರೊಂದು ಪುಸ್ತಕ ಬರೆದ. ಹೆರಾತಿನ ಮಹಾಕವಿ ಜಾಮಿಯನ್ನೂ ಬೀದರಿಗೆ ಕರೆದ. ಜಾಮಿ ಬರಲಿಲ್ಲ, ಪತ್ರವ್ಯವಹಾರ ಮಾತ್ರ ನಡೆಯಿತು. ನಮ್ಮ ಹುಡುಗರು ಮೂರು ದಿನ ಲೈಕ್ ಬರಲಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡಿದ್ದರು. ಗವಾನನ ಪತ್ರ ಸಮುದ್ರ ದಾಟಿ ಹೋಗಿ ಉತ್ತರ ತರಲು ಎಷ್ಟು ತಿಂಗಳು ಹಿಡಿಯುತ್ತಿತ್ತೋ!

ಗವಾನನ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಮದರಸಾ ಅಲ್ಲ, ಮೊಹರು. ದರ್ಬಾರಿನಲ್ಲಿ ಅವನಿಗಾಗದವರು ಬಹಳ ಮಂದಿ ಇದ್ದರು. ಇತಿಹಾಸಕಾರ ಫೆರಿಶ್ತಾ ಬರೆದ ಪ್ರಕಾರ, ಅವರು ಗವಾನನ ಮೊಹರು ನೋಡಿಕೊಳ್ಳುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಹಾಕಿಸಿದರು. ಆಮೇಲೆ ಅದರ ಮೇಲೆ, ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಗವಾನನೇ ಕರೆದಂತೆ ಬರೆದರು. ಸುಲ್ತಾನ್ ಮೂರನೇ ಮಹಮ್ಮದ್ ಶಾ ಕಾಗದ ತೋರಿಸಿ ಕೇಳಿದಾಗ ಗವಾನ್, ಮೊಹರು ನನ್ನದು, ಬರಹ ನನ್ನದಲ್ಲ ಎಂದ. ಸುಲ್ತಾನ್ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ಅವನ ತಲೆ ಹಾರಿತು. ಆಗ ಅವನಿಗೆ ಎಪ್ಪತ್ತರ ಆಸುಪಾಸು ವಯಸ್ಸು. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದೆ ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಈ ಕತೆ ಹುಡುಗರಿಗೆ ಹೇಳಿದೆ. ಅವರ ಪೇಜಿನ ಪಾಸ್‌ವರ್ಡ್ ಆರು ಮಂದಿಯ ಹತ್ತಿರ ಇತ್ತು, ಅದರಲ್ಲಿ ಇಬ್ಬರು ಕಂಪನಿಯಲ್ಲೇ ಇಲ್ಲ! ಅವತ್ತೇ ಸಂಜೆ ಬದಲಿಸಿದರು.

ಬಿದ್ರಿ ಕೆಲಸದ ದಾರಿ ಬೇರೆ. ಅದು ಪತ್ರದಿಂದಲ್ಲ, ವಸ್ತುವಿನಿಂದಲೇ ಮಾತಾಡಿತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚು ಹೊಯ್ಯುತ್ತಾರೆ. ಮೈಲುತುತ್ತು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು, ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಆಮೇಲೆ ಉಜ್ಜಿದಾಗ ಪೂರಾ ಬೂದು, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗದು. ಕೊನೆಗೆ ಕೋಟೆಯೊಳಗಿನ ಹಳೇ ಮಣ್ಣು, ನವಸಾಗರ ಕೂಡಿಸಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಚೌಬಾರಾ ಸುತ್ತಿನ ಅಂಗಡಿಗಳಿಗೆ ಹೋದ ಪ್ರವಾಸಿಗರು ಇದನ್ನು ಕಣ್ಣರಳಿಸಿ ನೋಡುತ್ತಾರೆ. ಇಂದಿನವರು ರೀಲ್ಸ್ ಎನ್ನುವ ಸರಕು ನಮ್ಮಲ್ಲಿ ನೂರಾರು ವರ್ಷದಿಂದ ಸಿದ್ಧವಾಗಿಯೇ ಇದೆ ಅನ್ನಿ.

ಈ ಸಾಮಾನಿಗೆ ಊರಿನದೇ ಹೆಸರು ಬಿತ್ತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಹೋದಾಗಲೂ ಬಿದ್ರಿ ಎಂದೇ ಹೋಯಿತು. 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ರಾಷ್ಟ್ರಪತಿ ಭವನದಲ್ಲಿ ಅವರು ಪ್ರಧಾನಿ ಜತೆ ಮಾತಾಡಿದ ವಿಡಿಯೊ ದೇಶದ ಫೋನುಗಳಲ್ಲೆಲ್ಲ ಓಡಾಡಿತು. ಬೀದರ್ ಎಲ್ಲಿದೆ ಎಂದು ಗೊತ್ತಿಲ್ಲದವರೂ ಅವತ್ತು ಬಿದ್ರಿ ಎಂಬ ಪದ ಕೇಳಿದರು. ಆದರೆ ಆ ಅರ್ಧ ನಿಮಿಷದ ಹಿಂದೆ ದಶಕಗಳ ಕೈಕೆಲಸ ಇತ್ತು. ವೈರಲ್ ಆಗುವ ಮುಂಚೆಯೇ ತೋರಿಸಲು ಸಾಮಾನು ಇತ್ತು.

ಈಗ ಭಾಲ್ಕಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿ ಪಾಠ ಇದೇ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮನ ಪ್ರಜೆಗಳು. ಆಡಳಿತ ಉರ್ದು, ಶಾಲೆ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಕನ್ನಡ ಅಕ್ಷರ ಗೊತ್ತಿರುತ್ತಿರಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಆಗ ಶಾಲೆ ಶುರು ಮಾಡಿದರು. ಅವರು ಹುಟ್ಟಿದ್ದು ಕಮಲನಗರದಲ್ಲಿ, ಅದು ಮೊನ್ನೆಮೊನ್ನೆಯವರೆಗೆ ಔರಾದ ತಾಲೂಕಿಗೆ ಸೇರಿತ್ತು. ಕನ್ನಡ ಶಾಲೆ ಎಂದು ಬಹಿರಂಗವಾಗಿ ಬೋರ್ಡು ಹಾಕಿದರೆ ಬಾಗಿಲು ಮುಚ್ಚಿಸುವ ಕಾಲ ಅದು. ಅದಕ್ಕೇ ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ. ನಮ್ಮ ಭಾಗದಲ್ಲಿ ಈ ಮಾತು ಕೇಳದವರಿಲ್ಲ.

ಬೋರ್ಡು ಸುಳ್ಳಾದರೂ ಶಾಲೆ ನಡೆದದ್ದು ಹೇಗೆ? ಬೋರ್ಡು ಇದ್ದದ್ದು ಅಧಿಕಾರಿಗಳ ಕಣ್ಣಿಗೆ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾದವರು ತಂದೆ ತಾಯಿ. ಅವರಿಗೆ ಸುದ್ದಿ ಮುಟ್ಟಿಸಲು ಬೋರ್ಡು ಬೇಕಿರಲಿಲ್ಲ. ಮಠಕ್ಕೆ ಬಂದ ಭಕ್ತರು ಊರಿಗೆ ಹೋಗಿ ಹೇಳಿದರೆ ಸಾಕಿತ್ತು. ಪಟ್ಟದ್ದೇವರು ನೂರು ವರ್ಷ ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದರು. ಜಿಲ್ಲೆಯಲ್ಲಿ ಮೂರಕ್ಷರ ಕನ್ನಡ ಬರೆಯುವ ನನ್ನಂಥವರು ಆ ಸಾಲ ಹೊತ್ತವರೇ.

ಇದನ್ನು ಕೇಳಿ ಹುಡುಗರಲ್ಲಿ ಒಬ್ಬ, "ಹಂಗಾದ್ರ ನಾವೂ ಹೊರಗ ಒಂದು ಬರ್ದು ಒಳಗ ಒಂದು ಇಡಬಹುದಲ್ರಿ ಅಣ್ಣಾ" ಅಂದ. ನಗು ಬಂತು, ಸಿಟ್ಟೂ ಬಂತು. ಪಟ್ಟದ್ದೇವರ ಬೋರ್ಡು ಸರ್ಕಾರವನ್ನು ಯಾಮಾರಿಸಿತು, ಮಕ್ಕಳನ್ನಲ್ಲ. ಆಗ ನಾನು ಕೇಳಬೇಕಾದದ್ದು ಕೇಳಿದೆ. ನಿಮ್ಮ ತುಪ್ಪ ಪೂರಾ ದೇವಣಿಯದ್ದೇ?

ಸುಮ್ಮನಾದರು. ಲೆಕ್ಕ ಸುಲಭ. ಲೀಟರ್ ಹಾಲಿನಲ್ಲಿ 40 ಗ್ರಾಂ ಕೊಬ್ಬು ಹಿಡಿದರೂ ಒಂದು ಕಿಲೊ ತುಪ್ಪಕ್ಕೆ 25 ಲೀಟರ್ ಹಾಲು ಬೇಕು. ದೇವಣಿ ಜೆರ್ಸಿಯಂತೆ ಹಾಲು ಸುರಿಯುವ ತಳಿ ಅಲ್ಲ. ಬೀದರ್, ಲಾತೂರ ಸೀಮೆಯಲ್ಲಿ ಅದನ್ನು ಸಾಕಿದ್ದು ಹಾಲಿಗೂ ಹೌದು, ಹೊಲದ ಎತ್ತಿಗೂ ಹೌದು. ಹಾಲು ಕಡಿಮೆ ಬಿದ್ದ ದಿನ ಎಮ್ಮೆ ಹಾಲು ಕೂಡಿಸಿದ್ದೇವೆ ಎಂದು ಕಡೆಗೆ ಒಪ್ಪಿಕೊಂಡರು. ಲೇಬಲ್ ಮೇಲೆ ಮಾತ್ರ 'ಶುದ್ಧ ದೇವಣಿ' ಎಂದು ಅಚ್ಚಾಗಿತ್ತು, ಒಂದು ಸಾವಿರ ಲೇಬಲ್.

ನಮ್ಮೂರಲ್ಲಿ ಡಂಗುರ ಸಾರುವವರು ಸಂಜೆ ಮಂದಿ ಹೊಲದಿಂದ ತಿರುಗಿ ಬಂದ ಮೇಲೆ ಸಾರುತ್ತಿದ್ದರು. ಯಾರು ಹೇಳಿಸಿದ್ದು, ಏನು, ಯಾವಾಗ, ಇಷ್ಟೇ. ಮೂವತ್ತು ಪೋಸ್ಟ್ ಬರೆದು ಕೊಡಲು ನನಗೆ ಮನಸ್ಸಾಗಲಿಲ್ಲ. ವಾರಕ್ಕೆ ಎರಡು ಸಾಕು, ಸಂಜೆ ಏಳರ ಮೇಲೆ ಹಾಕ್ರಿ ಅಂದೆ. ಒಂದರಲ್ಲಿ ಕೆಲಸ ತೋರಿಸ್ರಿ, ಕರೆಯುವುದು, ಕಡೆಯುವುದು, ಕಾಯಿಸುವುದು. ಇನ್ನೊಂದರಲ್ಲಿ ಆ ವಾರ ಎಷ್ಟು ಮನೆಯಿಂದ ಎಷ್ಟು ಲೀಟರ್ ಹಾಲು ಬಂತು, ಎಷ್ಟು ತುಪ್ಪ ಆಯ್ತು, ಯಾವ ಡಬ್ಬಿಯಲ್ಲಿ ಎಮ್ಮೆಯದು ಅಂತ ಹೇಳ್ರಿ. ಔರಾದಿನಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳುತ್ತವೆ. ಕೊಳ್ಳುವವರು ಯಾವ ಮಾತು ಆಡುತ್ತಾರೋ ಆ ಮಾತಿನಲ್ಲೇ ಹೇಳಿಸ್ರಿ.

ಸಾವಿರ ಲೇಬಲ್ ಏನು ಮಾಡೋದು ಅಂತ ಎರಡು ದಿನ ಜಗಳವಾಡಿದರಂತೆ. ಮೂರನೇ ದಿನ ಎಮ್ಮೆ ಮಾರಿದ ಆ ತಾಯಿಯೇ ಕಟ್ಟು ಬಿಚ್ಚಿ ಒಲೆಗೆ ಹಾಕಿದಳು ಎಂದು ಫೋನ್ ಮಾಡಿ ಹೇಳಿದರು. ಮೊದಲ ವಿಡಿಯೊ ಮೊನ್ನೆ ಬಂದಿದೆ. ಅದರಲ್ಲಿ ಅವಳೇ ಮರಾಠಿಯಲ್ಲಿ ಹಾಲಿನ ಲೆಕ್ಕ ಹೇಳುತ್ತಾಳೆ, ನಡುವೆ ಕರುವೊಂದು ಕ್ಯಾಮೆರಾ ನೆಕ್ಕುತ್ತದೆ. ನಾನು ನೋಡಿದಾಗ 61 ಮಂದಿ ನೋಡಿದ್ದರು.