ಬಾಂದುಕಲ್ಲಿನ ಕೊನೆಯ ಮಾತು

ಹೊಸಪೇಟೆಯಾಗಲಿ ಸಂಡೂರಾಗಲಿ, ಗಡಿ ತಕರಾರು ಕೋರ್ಟಿನ ಮೆಟ್ಟಿಲೇರಿದರೆ ಬಾಯಿಮಾತಿಗಿಂತ ಸರ್ವೆ ನಕ್ಷೆಗೇ ತೂಕ ಹೆಚ್ಚು. ತಜ್ಞರ ಅಭಿಪ್ರಾಯಕ್ಕೆ 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಮೇ ಜಾಗ ಕೊಟ್ಟಿತ್ತು. ಆದರೆ ಆ ನಕ್ಷೆ ಯಾವಾಗ ಬರಬೇಕು?

ಎಷ್ಟು ಎಚ್ಚರ ವಹಿಸಿದರೂ ಮೊದಲೇ ಸಿಗಲಿಲ್ಲವೆಂದು ತೋರಿಸಿದವರಿಗೆ ತಡವಾಗಿ ಸಾಕ್ಷ್ಯ ತರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 1976ರ ತಿದ್ದುಪಡಿ ಅವಕಾಶ ಕೊಟ್ಟಿತು. 2002ರ ಜುಲೈ 1ರಿಂದ ಆ ನಿಯಮ ರದ್ದಾಯಿತು. ಬಾಗಿಲೇನೂ ಪೂರ್ತಿ ಮುಚ್ಚಲಿಲ್ಲ. ತಕ್ಕ ಕಾರಣವಿದ್ದರೆ ಕೋರ್ಟು ತನ್ನ ಅಂತರ್ಗತ ಅಧಿಕಾರದಿಂದ ಅದನ್ನು ತೆರೆಯಬಹುದು, ವಾಯಿದೆ ಎಳೆಯುವವರಿಗಾಗಿ ಅಲ್ಲ ಎಂದು 2011ರ ಮಾರ್ಚಿನಲ್ಲಿ ವೇಲುಸಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಅದೇ ವರ್ಷ ಮೇ 6ರಂದು ಬಳ್ಳಾರಿಯ ಗಣಿಗಳನ್ನು ಅಳೆಯಲು ಅದೇ ಕೋರ್ಟು ಜಂಟಿ ತಂಡ ನೇಮಿಸಿತು. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯವೆಂಬ ಸಂಘಟನೆ ಹಾಕಿದ್ದ 2009ರ ರಿಟ್ ಅರ್ಜಿಯದು. ಸಿವಿಲ್ ದಾವೆಯಲ್ಲ, ನಿಜ. ಆದರೂ ತಜ್ಞರ ಅಳತೆ ಕೊನೆಯ ಮಾತಾದದ್ದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ.

ಸಂಡೂರಿನ ಕೆಂಪು ಗುಡ್ಡಗಳಲ್ಲಿ ಅಳತೆ ಸುಲಭವಿರಲಿಲ್ಲ. ಹಳೆಯ ಲೀಸ್ ನಕ್ಷೆಗಳಲ್ಲಿ ಗುರುತಿನ ಜಾಗ, ದಿಕ್ಕು, ದೂರಗಳೇ ಸರಿಯಾಗಿ ನಮೂದಾಗಿರಲಿಲ್ಲ. ಗುಡ್ಡವನ್ನೇ ಅಗೆದು ಸಾಗಿಸುವಾಗ ನಕ್ಷೆ ಮಸುಕಾಗಿದ್ದರೆ ಯಾರಿಗೆ ಅನುಕೂಲವೆಂದು ಬಿಡಿಸಿ ಹೇಳಬೇಕಿಲ್ಲ. ಲೀಸ್ ವಿಸ್ತೀರ್ಣದ ಶೇ 10ಕ್ಕಿಂತ ಹೆಚ್ಚು ಗಣಿಗುಂಡಿ ಅಥವಾ ಶೇ 15ಕ್ಕಿಂತ ಹೆಚ್ಚು ತ್ಯಾಜ್ಯದ ರಾಶಿ ಗಡಿಯಾಚೆ ಹೋಗಿದ್ದರೆ ಅದು ‘ಸಿ’, ಎಲ್ಲಕ್ಕಿಂತ ಗಂಭೀರ ವರ್ಗ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನ 166 ಲೀಸ್‌ಗಳಲ್ಲಿ 45 ‘ಎ’, 72 ‘ಬಿ’, 49 ‘ಸಿ’ ಎಂದು ಕೋರ್ಟಿಗೆ ನೆರವಾಗುತ್ತಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿ ವಿಂಗಡಿಸಿತು.

ಅಳತೆಯೇ ತಪ್ಪೆಂದು ಗಣಿಯವರು ತಕರಾರು ತೆಗೆದರು. 2013ರ ಏಪ್ರಿಲ್ 18ರ ತೀರ್ಪು ತಂಡದ ಸರ್ವೆಯನ್ನೇ ಒಪ್ಪಿತು. ಈ ಲೀಸ್‌ಗಳ ಗಡಿ ಕುರಿತು ಬೇರೆ ಕೋರ್ಟುಗಳಲ್ಲಿದ್ದ ವ್ಯಾಜ್ಯಗಳೂ ಇದರೊಂದಿಗೇ ಇತ್ಯರ್ಥವಾದವು, ಮತ್ತೆ ಯಾರೂ ಅದನ್ನು ಕೆದಕುವಂತಿಲ್ಲ ಎಂದಿತು. ಹೊಸ ತಜ್ಞ, ಹೊಸ ನಕ್ಷೆ ಹಿಡಿದು ಇನ್ನೊಂದು ಕೋರ್ಟಿಗೆ ಹೋಗುವ ದಾರಿ ಅಲ್ಲಿಗೆ ಮುಗಿಯಿತು.

ಕೋರ್ಟು ತೀರ್ಮಾನಿಸದೆ ಬಿಟ್ಟ ಗೆರೆ ಒಂದಿತ್ತು: 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಮೂಡಿದ ರಾಜ್ಯದ ಗಡಿ. ಆ ತಕರಾರು ಬಗೆಹರಿಯುವತನಕ ಆಂಧ್ರದ ಅಂಚಿನ 7 ಲೀಸ್‌ಗಳಲ್ಲಿ ಕೆಲಸ ನಿಲ್ಲಿಸಬೇಕೆಂದು ಅದೇ ತೀರ್ಪು ಆದೇಶಿಸಿತು.