ಉಚಿತ ಕ್ರೀಡಾಪ್ರಸಾರದ ಏಳುಬೀಳುಗಳು

ಆಡುವವರು ಹತ್ತಿಪ್ಪತ್ತು ಮಂದಿ, ನೋಡುವವರು ಸಾವಿರಗಟ್ಟಲೆ. ಆದುದರಿಂದ ಆಟದ ವೆಚ್ಚವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆಯು ಎಲ್ಲ ಕಾಲದಲ್ಲಿಯೂ ಇದ್ದೇ ಇದೆ. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಇದಕ್ಕೆ ಎರಡು ಉತ್ತರಗಳುಂಟು. ಹರಕೆಯ ಬಯಲಾಟದಲ್ಲಿ ಸೇವಾಕರ್ತನು ಮೇಳಕ್ಕೆ ಹಣವನ್ನು ಸಲ್ಲಿಸುವನು. ಊರಿಗೆ ಊರೇ ಬಂದು ಬಯಲಿನಲ್ಲಿ ಕುಳಿತು ನೋಡುವುದು. ಡೇರೆಯ ಆಟದಲ್ಲಿ ಸುತ್ತಲೂ ಬಟ್ಟೆಯ ಗೋಡೆಯನ್ನು ಕಟ್ಟಿ, ಬಾಗಿಲಿನಲ್ಲಿ ಟಿಕೇಟು ಮಾರುವರು. ಡೇರೆ ಮೇಳಗಳು 20ನೆಯ ಶತಮಾನದ ಉತ್ತರಾರ್ಧದಲ್ಲಿ ಮೆರೆದು ಬಳಿಕ ಇಳಿಮುಖವಾದವು. ಕಟೀಲು, ಮಂದಾರ್ತಿಗಳ ಹರಕೆ ಮೇಳಗಳಾದರೋ ಇಂದಿಗೂ ತಿರುಗಾಟ ನಡೆಸುತ್ತಿವೆ. ಬಯಲಾಟವು ಉಚಿತವಾದುದು ನೋಡುವವನಿಗೆ ಮಾತ್ರ. ಅದರ ಭಾರವನ್ನು ಮತ್ತೊಬ್ಬನು ಹೊತ್ತಿರುವನೆಂಬುದನ್ನು ಮರೆಯಲಾಗದು.

ಕ್ರೀಡೆಗಾಗಿಯೇ ಮೀಸಲಾದ ಉಚಿತ ದೂರದರ್ಶನ ವಾಹಿನಿಯು ಈ ಅಂತರ್ಜಾಲದ ಕಾಲದಲ್ಲಿ ಬಾಳೀತೇ ಎಂದು ಕೇಳುವವರು ಈ ವಿವೇಚನೆಯಿಂದಲೇ ಹೊರಡಬೇಕು. ಉಚಿತವೆಂಬ ಒಂದೇ ಶಬ್ದದ ಒಳಗೆ ಹಕ್ಕಿನಿಂದ ಬಂದ ಉಚಿತವೂ ಉಂಟು, ವ್ಯಾಪಾರದ ಉಪಾಯವಾಗಿ ಬಂದ ಉಚಿತವೂ ಉಂಟು. ಇವೆರಡರ ಅಂತರವು ಭಾರತದ ಕ್ರೀಡಾಪ್ರಸಾರದ ಚರಿತ್ರೆಯಲ್ಲಿ ಚೆನ್ನಾಗಿ ತೋರಿಬರುತ್ತದೆ.

1934ರಲ್ಲಿ ಮುಂಬಯಿಯ ಕ್ರಿಕೆಟ್ ಪಂದ್ಯವೊಂದನ್ನು ಬಾಬಿ ತಲ್ಯಾರ್‌ಖಾನರು ಬಾನುಲಿಯಲ್ಲಿ ವರ್ಣಿಸಿದುದು ಈ ಚರಿತ್ರೆಯ ಮೊದಲ ಪುಟವೆನ್ನಬಹುದು. 1959ರಲ್ಲಿ ದಿಲ್ಲಿಯಲ್ಲಿ ದೂರದರ್ಶನದ ಪ್ರಯೋಗವು ಆರಂಭವಾಯಿತು. 1982ರ ಏಷ್ಯಾ ಕ್ರೀಡಾಕೂಟದ ನಿಮಿತ್ತ ಚಿತ್ರಗಳಿಗೆ ಬಣ್ಣ ಬಂದಿತು. ಮರುವರ್ಷ, 1983ರ ಜೂನ್ 25ರಂದು, ಲಾರ್ಡ್ಸ್ ಮೈದಾನದಲ್ಲಿ ಕಪಿಲ್ ದೇವರ ತಂಡವು ವಿಶ್ವಕಪ್ಪನ್ನು ಗೆದ್ದುದನ್ನು ಸಾವಿರಾರು ಮನೆಗಳ ಪಡಸಾಲೆಗಳಲ್ಲಿ ನೆರೆಹೊರೆಯವರೆಲ್ಲ ಕೂಡಿ ನೋಡಿದರು. ಆ ಕಾಲದಲ್ಲಿ ನೋಟಕ್ಕೆ ಬೆಲೆಯೆಂಬುದೇ ಇರಲಿಲ್ಲ. ಪ್ರಸಾರಮಾಡತಕ್ಕ ಸಂಸ್ಥೆಯು ಒಂದೇ ಆಗಿದ್ದುದರಿಂದ, ಪಂದ್ಯವನ್ನು ತೋರಿಸುವುದಕ್ಕಾಗಿ ಕ್ರಿಕೆಟ್ ಮಂಡಳಿಗೆ ದೂರದರ್ಶನವು ಹಣ ಕೊಡುವುದಿರಲಿ, ಮಂಡಳಿಯೇ ದೂರದರ್ಶನಕ್ಕೆ ಹಣ ತೆರಬೇಕಾಗಿದ್ದಿತು. ಇಲ್ಲಿ ಸೇವಾಕರ್ತನು ಸರ್ಕಾರದ ಬೊಕ್ಕಸ. ಆದರೆ ಆ ಸೇವಾಕರ್ತನಿಗೆ ಎದುರು ಮಾತನಾಡುವ ಧೈರ್ಯವು ಆಟದವರಿಗೆ ಇರಲಿಲ್ಲ.

ಈ ಸ್ಥಿತಿಯು 1993ರಲ್ಲಿ ಮುರಿಯಿತು. ಬಂಗಾಳದ ಕ್ರಿಕೆಟ್ ಸಂಘದವರು ಹೀರೋ ಕಪ್ ಪಂದ್ಯಗಳ ಪ್ರಸಾರವನ್ನು ವಿದೇಶೀ ಸಂಸ್ಥೆಯೊಂದಕ್ಕೆ ವಹಿಸಿಕೊಟ್ಟರು. 1885ರ ತಂತಿ ಕಾಯಿದೆಯಂತೆ ಆಕಾಶಕ್ಕೆ ಸಂಕೇತವನ್ನು ಕಳುಹಿಸುವ ಅಧಿಕಾರವು ತನಗೊಬ್ಬನಿಗೇ ಸೇರಿದ್ದೆಂದು ಸರ್ಕಾರವು ಹಟ ಹಿಡಿಯಿತು. ವ್ಯಾಜ್ಯವು ಕಲ್ಕತ್ತೆಯ ನ್ಯಾಯಾಲಯದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು. 1995ರ ಫೆಬ್ರುವರಿ 9ರಂದು ನ್ಯಾಯಮೂರ್ತಿಗಳಾದ ಸಾವಂತ್, ಮೋಹನ್ ಮತ್ತು ಜೀವನ ರೆಡ್ಡಿಯವರು ತೀರ್ಪನ್ನಿತ್ತರು. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು. ಅವು ಸರ್ಕಾರದ ಏಕಸ್ವಾಮ್ಯಕ್ಕೂ ಒಳಪಡತಕ್ಕವಲ್ಲ, ಹಣವಂತರ ವಶಕ್ಕೂ ಹೋಗತಕ್ಕವಲ್ಲ. ಸ್ವತಂತ್ರವಾದೊಂದು ಸಾರ್ವಜನಿಕ ಅಧಿಕಾರವು ಅವನ್ನು ನಿಯಂತ್ರಿಸಬೇಕು ಎಂಬುದು ಅದರ ತಾತ್ಪರ್ಯ. ತೀರ್ಪಿನ ಮೊದಲರ್ಧವು ಬೇಗನೆ ಫಲಿಸಿತು. ಉತ್ತರಾರ್ಧವು ಫಲಿಸಲು ತಡವಾಯಿತು.

ಏಕಸ್ವಾಮ್ಯವು ಹೋದೊಡನೆ ಪೇಟೆಯು ತೆರೆಯಿತು. 1996ರ ವಿಶ್ವಕಪ್ಪಿನ ಪ್ರಸಾರದ ಹಕ್ಕನ್ನು ವರ್ಲ್ಡ್‌ಟೆಲ್ ಸಂಸ್ಥೆಯ ಮಾರ್ಕ್ ಮಸ್ಕರೇನ್ಹಸರು ಪಡೆದರು. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಉದ್ಯಮವನ್ನು ಕಟ್ಟಿದ ಇವರು, ಕ್ರಿಕೆಟ್ಟಿನ ನೋಟಕ್ಕೆ ಎಂತಹ ಬೆಲೆ ಕಟ್ಟಬಹುದೆಂಬುದನ್ನು ಇತರರಿಗಿಂತ ಮುಂಚೆ ಗ್ರಹಿಸಿದವರು. ಶುಲ್ಕ ಪಡೆಯುವ ಕ್ರೀಡಾವಾಹಿನಿಗಳು ಕೇಬಲಿನ ಮೂಲಕ ಪಟ್ಟಣದ ಮನೆಗಳನ್ನು ಹೊಕ್ಕುವು. ಸ್ವಾಯತ್ತ ಸಂಸ್ಥೆಯಾದ ಪ್ರಸಾರ ಭಾರತಿಯು 1997ರಲ್ಲಿ ಸ್ಥಾಪಿತವಾಗಲು, ಮರುವರ್ಷವೇ ಡಿ.ಡಿ. ಸ್ಪೋರ್ಟ್ಸ್ ವಾಹಿನಿಯು ಜನ್ಮತಾಳಿತು. ನಡುವೆ ಕೆಲವು ಕಾಲ ಅದನ್ನೂ ಶುಲ್ಕದ ವಾಹಿನಿಯನ್ನಾಗಿ ನಡೆಸಿ ನೋಡಿ, 2003ರಲ್ಲಿ ಮರಳಿ ಉಚಿತವಾಗಿಸಿದರು. ಪೇಟೆಯಲ್ಲಿ ಪೇಟೆಯ ರೀತಿಯಿಂದಲೇ ಗೆಲ್ಲುವುದು ಸರ್ಕಾರೀ ವಾಹಿನಿಗೆ ಸಾಧ್ಯವಲ್ಲವೆಂಬ ಪಾಠವು ಇದರಿಂದಲೇ ದೊರೆಯಬಹುದಾಗಿದ್ದಿತು.

ಇಷ್ಟರಲ್ಲಿ ಮತ್ತೊಂದು ಇಕ್ಕಟ್ಟು ಬಂದಿತು. 2004ರಲ್ಲಿ ಭಾರತದ ತಂಡವು ಬಹುವರ್ಷಗಳ ಬಳಿಕ ಪಾಕಿಸ್ತಾನದಲ್ಲಿ ಪೂರ್ಣ ಸರಣಿಯನ್ನು ಆಡಲು ಹೋಯಿತು. ಪ್ರಸಾರದ ಹಕ್ಕು ಟೆನ್ ಸ್ಪೋರ್ಟ್ಸ್ ವಾಹಿನಿಯದಾಗಿದ್ದಿತು. ಕೇಬಲಿಲ್ಲದ ಕೋಟ್ಯಂತರ ಮನೆಗಳಿಗೆ ಈ ಪಂದ್ಯಗಳು ಕಾಣಬೇಡವೇ ಎಂಬ ಕೂಗೆದ್ದು, ನ್ಯಾಯಾಲಯದ ಆಜ್ಞೆಯಿಂದ ದೂರದರ್ಶನಕ್ಕೆ ಸಂಕೇತವು ದೊರೆಯಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ತಂಡವು ಇಲ್ಲಿಗೆ ಬಂದಾಗ ಅದೇ ಜಗಳವು ನಿಂಬಸ್ ಸಂಸ್ಥೆಯೊಡನೆ ಮರುಕಳಿಸಿತು. ಈ ಸಲ ದಿಲ್ಲಿಯ ಉಚ್ಚ ನ್ಯಾಯಾಲಯವು ಒಂದು ವಿಚಿತ್ರವಾದ ರಾಜಿಯನ್ನು ಮಾಡಿತು: ದೂರದರ್ಶನವು ಪಂದ್ಯವನ್ನು ಏಳು ನಿಮಿಷ ತಡವಾಗಿ ತೋರಿಸಬಹುದು. ಕೇಬಲಿನ ಮನೆಯಲ್ಲಿ ಔಟಾದವನು ಪಕ್ಕದ ಮನೆಯಲ್ಲಿ ಇನ್ನೂ ಆಡುತ್ತಲೇ ಇರುವ ಸ್ಥಿತಿಯಾಯಿತು. ಹಣವುಳ್ಳವನ ಗಡಿಯಾರವೊಂದು, ಇಲ್ಲದವನ ಗಡಿಯಾರವೊಂದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಸರ್ಕಾರವು ಕೂಡಲೆ ಅಧ್ಯಾದೇಶವನ್ನು ಹೊರಡಿಸಿತು; ಅದೇ ವರ್ಷ ಸಂಸತ್ತು ಅದನ್ನು ಕಾಯಿದೆಯನ್ನಾಗಿ ಮಾಡಿತು. ರಾಷ್ಟ್ರೀಯ ಮಹತ್ವವುಳ್ಳವೆಂದು ಸರ್ಕಾರವು ಪ್ರಕಟಿಸಿದ ಪಂದ್ಯಗಳ ನೇರಪ್ರಸಾರದ ಸಂಕೇತವನ್ನು ಹಕ್ಕುಳ್ಳವರು ಪ್ರಸಾರ ಭಾರತಿಗೆ ಕೊಡಲೇಬೇಕು, ಜಾಹೀರಾತಿನಿಂದ ಬಂದ ಆದಾಯದಲ್ಲಿ ದೂರದರ್ಶನದ ಮಟ್ಟಿಗೆ ನೂರಕ್ಕೆ 75 ಪಾಲು ಹಕ್ಕುಳ್ಳವರಿಗೂ 25 ಪಾಲು ಪ್ರಸಾರ ಭಾರತಿಗೂ ಸಲ್ಲಬೇಕು, ಬಾನುಲಿಯಲ್ಲಿ ಸಮಪಾಲು. ಒಲಿಂಪಿಕ್ಸ್, ಏಷ್ಯಾ ಕ್ರೀಡಾಕೂಟ, ಭಾರತ ತಂಡದ ಏಕದಿನ ಕ್ರಿಕೆಟ್ ಪಂದ್ಯಗಳು, ವಿಶ್ವಕಪ್ ಹಾಕಿ ಮೊದಲಾದವು ಪಟ್ಟಿಯಲ್ಲಿ ಸೇರಿದವು. 1995ರ ತೀರ್ಪಿನ ಉತ್ತರಾರ್ಧವು ಕೊಂಚಮಟ್ಟಿಗಾದರೂ ಕೈಗೂಡಿದಂತಾಯಿತು.

ಕಾಯಿದೆಯ ವ್ಯಾಪ್ತಿಯು ಮಾತ್ರ ಕ್ರಮೇಣ ಸಂಕುಚಿತವಾಯಿತು. ದೂರದರ್ಶನಕ್ಕೆ ಕೊಟ್ಟ ಸಂಕೇತವನ್ನು ಕೇಬಲಿನವರೂ ತಮ್ಮ ಗ್ರಾಹಕರಿಗೆ ಹಂಚುತ್ತಿದ್ದುದರಿಂದ ಕೋಟಿಗಟ್ಟಲೆ ತೆತ್ತ ತಮ್ಮ ಹಕ್ಕು ಬರಿದಾಗುತ್ತಿದೆಯೆಂದು ಹಕ್ಕುಳ್ಳವರು ಆಕ್ಷೇಪಿಸಿದರು. 2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಿ, ಅಂತಹ ಪಂದ್ಯಗಳು ದೂರದರ್ಶನದ ಭೂಪ್ರಸಾರದಲ್ಲಿಯೂ ಅದರದೇ ಆದ ಉಪಗ್ರಹ ಸೇವೆಯಲ್ಲಿಯೂ ಮಾತ್ರ ಕಾಣತಕ್ಕುದೆಂದು ವಿಧಿಸಿತು. 2022ರ ಹೊತ್ತಿಗೆ ಹಳೆಯ ಭೂಪ್ರಸಾರದ ಕೇಂದ್ರಗಳು ಬಹುಪಾಲು ಮುಚ್ಚಿದವು. ಉಳಿದುದು 2004ರ ಡಿಸೆಂಬರಿನಲ್ಲಿ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ಫ್ರೀ ಡಿಶ್ ಎಂದು ಪ್ರಸಿದ್ಧವಾದ ಸೇವೆ. ಮಾಡಿನ ಮೇಲೆ ಡಿಶ್, ಒಳಗೆ ಒಂದು ಪೆಟ್ಟಿಗೆ; ಒಮ್ಮೆ ಕೊಂಡರೆ ತಿಂಗಳ ಬಾಡಿಗೆಯಿಲ್ಲ. ನಾಲ್ಕು ಕೋಟಿಗೂ ಮಿಕ್ಕಿದ ಮನೆಗಳು ಇದನ್ನು ಅವಲಂಬಿಸಿವೆಯೆಂದು ಉದ್ಯಮದವರ ಅಂದಾಜು. ದುರ್ಗಮ ಪ್ರದೇಶಗಳ, ಗುಡ್ಡಗಾಡಿನ ಮತ್ತು ಗಡಿನಾಡಿನ ಮನೆಗಳಿಗೆ 8 ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಹಂಚುವ ಉದ್ದೇಶವನ್ನೂ ಒಳಗೊಂಡ 2,539 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು.

ಆ ಮೊತ್ತವನ್ನು ಪೇಟೆಯ ಮೊತ್ತದೊಡನೆ ಹೋಲಿಸಿ ನೋಡಬೇಕು. ಐ.ಪಿ.ಎಲ್. ಪಂದ್ಯಾವಳಿಯ ಐದು ವರ್ಷದ ಪ್ರಸಾರದ ಹಕ್ಕುಗಳು 2017ರ ಹರಾಜಿನಲ್ಲಿ 16,347.5 ಕೋಟಿ ರೂಪಾಯಿಗಳಿಗೆ ಹೋದವು. 2022ರ ಹರಾಜಿನಲ್ಲಿ 48,390 ಕೋಟಿಗೆ ಏರಿದವು. ಎರಡನೆಯ ಹರಾಜಿನಲ್ಲಿ ದೂರದರ್ಶನದ ಹಕ್ಕಿಗೂ ಅಂತರ್ಜಾಲದ ಹಕ್ಕಿಗೂ ಹೆಚ್ಚು ಕಡಿಮೆ ಸಮನಾದ ಬೆಲೆ ಬಂದುದು ಗಮನಾರ್ಹವಾದ ಸಂಗತಿ. ಜಾಹೀರಾತೊಂದನ್ನೇ ನೆಚ್ಚಿದ ಉಚಿತ ವಾಹಿನಿಯು, ಜಾಹೀರಾತಿನ ಜೊತೆಗೆ ತಿಂಗಳ ಚಂದಾ ಪಡೆಯುವವರ ಎದುರು ಹರಾಜಿನಲ್ಲಿ ನಿಲ್ಲಲಾರದು. ನಿಲ್ಲಲಾರದೆ ದೊಡ್ಡ ಪಂದ್ಯವನ್ನು ಕಳೆದುಕೊಂಡರೆ ಜಾಹೀರಾತೂ ಬಾರದು. ಕ್ರೀಡಾವಾಹಿನಿಗೆ ಇನ್ನೊಂದು ಕಷ್ಟವೂ ಉಂಟು. ಹಳೆಯ ಚಲನಚಿತ್ರವನ್ನು ಹತ್ತು ಸಲ ತೋರಿಸಿದರೂ ನೋಡುವರು. ಫಲವು ಗೊತ್ತಾದ ಪಂದ್ಯವು ಮರುದಿನಕ್ಕೆ ಹಳಸಲು. ವರ್ಷದ 365 ದಿನಗಳನ್ನೂ ಹೊಸ ಆಟಗಳಿಂದಲೇ ತುಂಬಬೇಕು.

ಅನ್ಯ ದೇಶಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಆಸ್ಟ್ರೇಲಿಯದಲ್ಲಿ ನೆಟ್‌ವರ್ಕ್ ಟೆನ್ ಸಂಸ್ಥೆಯು 2009ರಲ್ಲಿ ವನ್ ಎಂಬ ಉಚಿತ ಕ್ರೀಡಾವಾಹಿನಿಯನ್ನು ತೆರೆದು, ಎರಡೇ ವರ್ಷಗಳಲ್ಲಿ, 2011ರಲ್ಲಿ, ಅದನ್ನು ಸಾಮಾನ್ಯ ಮನರಂಜನೆಯ ವಾಹಿನಿಯನ್ನಾಗಿ ಮಾರ್ಪಡಿಸಿತು. ಸ್ಪೇನಿನ ತೆಲೆದೆಪೋರ್ತೆ ವಾಹಿನಿಯು 1994ರಿಂದ ಬಾಳಿಬಂದಿರುವುದು ಅದು ರಾಷ್ಟ್ರದ ಪ್ರಸಾರಸಂಸ್ಥೆಯ ಅಂಗವಾಗಿರುವುದರಿಂದ. 2012ರಲ್ಲಿ ಆರಂಭವಾದ ಫ್ರಾನ್ಸಿನ ಲೆಕಿಪ್ ವಾಹಿನಿಗೆ ಅದೇ ಹೆಸರಿನ ಕ್ರೀಡಾಪತ್ರಿಕೆಯ ಆಸರೆಯುಂಟು. ಅದು ಹಿಮದ ಮೇಲೆ ಜಾರುತ್ತ ಗುರಿಗೆ ಗುಂಡು ಹೊಡೆಯುವ ಬಯಾಥ್ಲಾನ್ ಮೊದಲಾದ ಕಡಮೆ ಬೆಲೆಯ ಆಟಗಳಿಗೆ ನೋಟಕರನ್ನು ಬೆಳೆಸಿತು. ನಿಂತ ಪ್ರತಿಯೊಂದರ ಹಿಂದೆಯೂ ಒಬ್ಬ ಸೇವಾಕರ್ತನು ಇದ್ದೇ ಇರುವನು.

ಅಂತರ್ಜಾಲವು ಬಂದ ಮೇಲೆ ಉಚಿತ ವಾಹಿನಿಯ ಅವಶ್ಯಕತೆಯೇ ತೀರಿತೆಂದು ಕೆಲವರು ವಾದಿಸಿದರು. 2016ರಲ್ಲಿ ಜಿಯೋ ಸಂಸ್ಥೆಯು ಡೇಟಾವನ್ನು ಬಹಳ ಅಗ್ಗವಾಗಿಸಿತು. 2023ರ ಐ.ಪಿ.ಎಲ್. ಪಂದ್ಯಾವಳಿಯನ್ನು ಜಿಯೋಸಿನಿಮಾ ಸೇವೆಯು ಶುಲ್ಕವಿಲ್ಲದೆ ತೋರಿಸಿತು. ಅಂತಿಮ ಪಂದ್ಯದಲ್ಲಿ ಏಕಕಾಲಕ್ಕೆ 3.2 ಕೋಟಿ ಮಂದಿ ನೋಡಿದರೆಂದು ಅವರು ಸಾರಿದರು. ಅದೇ ವರ್ಷದ ವಿಶ್ವಕಪ್ಪನ್ನು ಪ್ರತಿಸ್ಪರ್ಧಿಯಾದ ಹಾಟ್‌ಸ್ಟಾರ್ ಸೇವೆಯೂ ಮೊಬೈಲಿನಲ್ಲಿ ಉಚಿತವಾಗಿಸಿತು. ಕಾಯಿದೆಯು ಮಾಡಲಾರದ್ದನ್ನು ಸ್ಪರ್ಧೆಯು ಮಾಡಿತೆಂದು ತೋರಿತು. ಆದರೆ 2024ರ ನವೆಂಬರಿನಲ್ಲಿ ಇಬ್ಬರು ಸ್ಪರ್ಧಿಗಳೂ ಒಂದಾದರು. 2025ರ ಫೆಬ್ರುವರಿಯಲ್ಲಿ ಜಿಯೋಹಾಟ್‌ಸ್ಟಾರ್ ಎಂಬ ಕೂಡುಸೇವೆಯು ಹೊರಟಿತು. ಆ ವರ್ಷದ ಐ.ಪಿ.ಎಲ್. ಪಂದ್ಯಗಳನ್ನು ಕೆಲವು ನಿಮಿಷ ಕಂಡ ಬಳಿಕ ನೋಟಕರು ಚಂದಾ ತೆರಬೇಕಾಯಿತು, ಇಲ್ಲವೆ ಚಂದಾ ಸೇರಿದ ಮೊಬೈಲು ರೀಚಾರ್ಜನ್ನು ಕೊಳ್ಳಬೇಕಾಯಿತು. ಅಂಗಡಿಯವನು ರುಚಿ ನೋಡಲು ಕೊಟ್ಟ ಬೆಲ್ಲವು ದಾನವಲ್ಲ. ಅವನು ಮಾಡಿದುದು ತಪ್ಪೆನ್ನುವಂತಿಲ್ಲ; ಅದನ್ನು ದಾನವೆಂದು ತಿಳಿದವರ ಎಣಿಕೆಯು ತಪ್ಪಿತು.

ಇದರ ಕಾರಣವು ಯಂತ್ರದ ಸ್ವಭಾವದಲ್ಲಿಯೂ ಅಡಗಿದೆ. ಉಪಗ್ರಹದಿಂದ ಇಳಿಯುವ ಸಂಕೇತವು ಮಳೆಯಂತೆ. ಒಂದು ಮನೆಯ ಡಿಶ್ಶಿಗೆ ಬಿದ್ದರೂ ಒಂದು ಕೋಟಿ ಡಿಶ್ಶುಗಳಿಗೆ ಬಿದ್ದರೂ ಕಳುಹಿಸುವವನ ವೆಚ್ಚವು ಒಂದೇ. ಅಂತರ್ಜಾಲದ ಪ್ರಸಾರವಾದರೋ ಕೊಡದಲ್ಲಿ ನೀರು ಹೊತ್ತು ಮನೆಮನೆಗೆ ಸುರಿಯುವಂತಹುದು. ನೋಟಕರು ಹೆಚ್ಚಿದಷ್ಟೂ ವೆಚ್ಚವು ಹೆಚ್ಚುವುದು. ನೋಡುವವನೂ ಡೇಟಾದ ಹಣವನ್ನು ಬೇರೆಯಾಗಿ ತೆರುವನು. ಆದುದರಿಂದ ಬಹುಜನರಿಗೆ ಒಂದೇ ಹೊತ್ತಿನಲ್ಲಿ ಉಚಿತವಾಗಿ ತೋರಿಸಲು ಹಳೆಯ ಮಾರ್ಗವೇ ಇಂದಿಗೂ ಅಗ್ಗವಾದುದು. ಹೊಸದು ಬಂದುದರಿಂದ ಹಳೆಯದು ನಿರರ್ಥಕವಾಯಿತೆಂಬ ತರ್ಕವು ಈ ವಿಷಯದಲ್ಲಿ ಸಲ್ಲದು.

ಪ್ರತಿಪಕ್ಷದವರ ಮಾತಿನಲ್ಲಿಯೂ ಸತ್ಯಾಂಶವುಂಟು. ಕ್ರಿಕೆಟ್ ನೋಡುವುದು ಅನ್ನದಂತೆ, ನೀರಿನಂತೆ ಅವಶ್ಯಕವಾದ ವಸ್ತುವಲ್ಲ. ಒಬ್ಬನು ಬೆಲೆ ತೆತ್ತ ಸ್ವತ್ತನ್ನು ಕಾಯಿದೆಯಿಂದ ಹಂಚಿಕೊಳ್ಳುವುದು ಎಲ್ಲಿಯವರೆಗೆ ನ್ಯಾಯವೆಂದು ಅವರು ಕೇಳುವರು. ಹಕ್ಕುಗಳ ಮಾರಾಟದಿಂದ ಬಂದ ದ್ರವ್ಯದಿಂದಲೇ ಆಟಗಾರರ ಬಾಳು ಹಸನಾಯಿತೆಂಬುದೂ ನಿಜ. ಆದರೆ ರಾಷ್ಟ್ರದ ಹೆಸರನ್ನು ಧರಿಸಿ ಆಡುವ ತಂಡದ ಆಟದಲ್ಲಿ ರಾಷ್ಟ್ರದವರಿಗೂ ಒಂದು ಪಾಲುಂಟು. 2007ರ ಕಾಯಿದೆಯು ಐ.ಪಿ.ಎಲ್. ಪಂದ್ಯಗಳನ್ನು ಮುಟ್ಟದೆ, ದೇಶದ ಪರವಾದ ಪಂದ್ಯಗಳನ್ನೇ ಮುಖ್ಯವಾಗಿ ಆರಿಸಿಕೊಂಡು, ಆದಾಯದ ಮುಕ್ಕಾಲು ಪಾಲನ್ನು ಹಕ್ಕುಳ್ಳವರಿಗೇ ಬಿಟ್ಟಿರುವುದು ಈ ಎರಡು ನ್ಯಾಯಗಳನ್ನೂ ತೂಗಿ ನೋಡಿದುದರ ಗುರುತು. ಅದು ಹೇಳದೆ ಬಿಟ್ಟಿರುವುದು ಅಂತರ್ಜಾಲದ ವಿಷಯವನ್ನು. ಮನೆಯ ನೋಟವು ಕೈಯ ಫೋನಿಗೆ ಸರಿದಂತೆಲ್ಲ ಆ ಮೌನದ ಪರಿಣಾಮವು ಹಿರಿದಾಗುತ್ತ ಹೋಗುವುದು.

ಹಾಗಾದರೆ ಕ್ರೀಡೆಗೆ ಮೀಸಲಾದ ಉಚಿತ ವಾಹಿನಿಯು ಬಾಳೀತೇ? ಹರಾಜಿನ ಕಟ್ಟೆಯಲ್ಲಿ ಸಮಾನನಾಗಿ ಬಾಳಲಾರದೆಂದು ಚರಿತ್ರೆಯು ಹೇಳುತ್ತದೆ. ಕಾಯಿದೆಯಿಂದ ಬಂದ ಕೆಲವು ದೊಡ್ಡ ಪಂದ್ಯಗಳ ಜೊತೆಗೆ, ಪೇಟೆಯು ಕೈಬಿಟ್ಟ ಆಟಗಳನ್ನು ತನ್ನವೆಂದು ಅಪ್ಪಿಕೊಂಡರೆ ಬಾಳಬಹುದು. ಹಾಕಿ ಇಂಡಿಯಾ ಲೀಗ್ ಹಲವು ವರ್ಷಗಳ ಬಳಿಕ 2024ರ ಡಿಸೆಂಬರಿನಲ್ಲಿ ಪುನಃ ಆರಂಭವಾದಾಗ, ಮತ್ತು 2025ರ ಜನವರಿಯಲ್ಲಿ ಮೊದಲ ಬಾರಿಗೆ ಮಹಿಳೆಯರ ಲೀಗ್ ನಡೆದಾಗ, ಅವನ್ನು ದೂರದರ್ಶನವು ತೋರಿಸಿತು. ಗದ್ದಲದ ಪೇಟೆಯಲ್ಲಿ ಇವುಗಳಿಗೆ ದೊಡ್ಡ ಬೆಲೆ ಬಾರದು. ಆದರೆ ಹಳ್ಳಿಯ ಮನೆಯೊಂದರಲ್ಲಿ ಇವನ್ನು ನೋಡಿದ ಹುಡುಗಿಯು ಮರುದಿನ ಕೋಲು ಹಿಡಿದು ಬಯಲಿಗೆ ಹೊರಟರೆ, ಆ ಲಾಭವನ್ನು ಬರೆದಿಡುವ ಅಂಕಣವು ಯಾವ ವರ್ತಕನ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಲೆಕ್ಕಕ್ಕೆ ತಂದುಕೊಳ್ಳುವ ಸೇವಾಕರ್ತನು ಇರುವವರೆಗೆ ಬಯಲಾಟವು ನಿಲ್ಲದು.